ಬೈದ ಹೆಸರೇ ಪತ್ರಿಕೆಯ ಹೆಸರಾಯ್ತು
ನಿಮ್ಮ ಲೇಖನದಲ್ಲಿ, ಬೈಗುಳವನ್ನೇ ಬಿರುದು ಮಾಡಿಕೊಳ್ಳೋದು 2016ರಲ್ಲಿ ಟ್ರಂಪ್ ಅವರು ಹಿಲರಿ ಕ್ಲಿಂಟನ್‌ರನ್ನು ‘ನ್ಯಾಸ್ಟಿ ವುಮನ್’ (ಕೆಟ್ಟ ಹೆಂಗಸು) ಅಂದಮೇಲೆ ಶುರುವಾಯಿತು ಎನ್ನುವ ಹಾಗೆ ಬರೆದಿದ್ದೀರಿ. ಇದು ಅದಕ್ಕಿಂತ ತುಂಬಾ ಹಳೆಯದು ಸಾರ್. ಮತದ ಹಕ್ಕು ಕೇಳಿದ ಹೆಂಗಸರನ್ನು ಆಡಿಕೊಳ್ಳಲು ಲಂಡನ್ನಿನ ಡೈಲಿ ಮೇಲ್ ಪತ್ರಿಕೆ 1906ರಲ್ಲೇ ‘ಸಫ್ರಜೆಟ್’ ಎಂಬ ಪದ ಹುಟ್ಟಿಸಿತ್ತು. ಮತದ ಹಕ್ಕಿಗೆ ಹೋರಾಡುವವರು ಎನ್ನುವ ಅರ್ಥದ ‘ಸಫ್ರಜಿಸ್ಟ್’ ಪದದ ಬಾಲ ಕತ್ತರಿಸಿ, ಚಿಕ್ಕದು ಎಂದು ಸೂಚಿಸುವ ‘ಎಟ್’ ಅಂಟಿಸಿದ್ದು, ಇವರೆಲ್ಲ ಚಿಲ್ಲರೆ ಎನ್ನುವ ಹಾಗೆ. ಆ ಹೋರಾಟದ ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಬಳಗ ಸುಮ್ನೆ ಸಿಟ್ಟು ಮಾಡಿಕೊಂಡು ಕೂರಲಿಲ್ಲ. 1912ರಲ್ಲಿ ತಮ್ಮ ಪತ್ರಿಕೆಗೇ ಆ ಹೆಸರಿಟ್ಟರು! ಬೈದವರ ಕೈಯಲ್ಲಿ ಆಮೇಲೆ ಏನು ಉಳೀತು ಹೇಳಿ?

ಟೀ ಶರ್ಟ್ ಮೇಲೆ ಬೈಗುಳ ಅಚ್ಚು ಹಾಕಿಸೋದು ಈಗ ಸುಲಭ. ಆ ಹೆಂಗಸರು ‘ಸಫ್ರಜೆಟ್’ ಹೆಸರು ಹೊತ್ತು ಜೈಲಿಗೂ ಹೋದರು, ಉಪವಾಸವನ್ನೂ ಮಾಡಿದರು. ಬ್ರಿಟನ್ನಿನ ಹೆಂಗಸರಿಗೆ ಗಂಡಸರಿಗೆ ಸಮನಾದ ಮತದ ಹಕ್ಕು ಸಿಗಲು 1928 ಬರಬೇಕಾಯಿತು.