ಹೆಬ್ಬೆಟ್ಟು ಹೊಟ್ಟೆ

ಬೆಳಗ್ಗೆ ಆರೂವರೆಗೆ ಗೆಳೆಯನೊಬ್ಬ ಫೋಟೋ ಕಳಿಸಿದ. ನನಗಿನ್ನೂ ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ. ಬಿಳಿ ಬಟ್ಟಲಲ್ಲಿ ಹತ್ತು ಹದಿನೈದು ಹಸಿರು ಗೋಲಿಗಳು. ಹೆಬ್ಬೆರಳಿನ ಉಗುರಿನಷ್ಟು ದಪ್ಪ, ಮೇಣ ಸವರಿದ ಹಾಗೆ ಮಿರಮಿರ ಅಂತಿವೆ. ಏನೋ ಮಿಠಾಯಿ ಇರಬೇಕು ಅಂದುಕೊಂಡು ‘ಚೆನ್ನಾಗಿದೆ, ಎಲ್ಲಿ ಸಿಗುತ್ತೆ?’ ಅಂತ ಕೇಳಿಬಿಟ್ಟೆ.

‘ನನ್ನೊಳಗೆ’ ಅಂತ ಉತ್ತರ ಬಂತು.

ಆಮೇಲೆ ಫೋನೇ ಮಾಡಿದ. ದನಿಯಲ್ಲಿ ಮೊದಲ ಮಗು ಹುಟ್ಟಿದಷ್ಟು ಸಂಭ್ರಮ. ಲಿವರ್ ಶುದ್ಧಿ ಮಾಡುವ ಕಿಟ್ ಒಂದನ್ನು ತರಿಸಿದ್ದನಂತೆ. ಮಧ್ಯಾಹ್ನದಿಂದ ಉಪವಾಸ, ರಾತ್ರಿ ಒಂದು ಲೋಟ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಗಟಗಟ ಕುಡಿಯೋದು, ಬಲ ಮಗ್ಗುಲಿಗೆ ಮಲಗೋದು, ಬೆಳಗಾಗೆದ್ದು ಶೌಚಾಲಯದಲ್ಲಿ ಕೂತು ಫಲಿತಾಂಶಕ್ಕೆ ಕಾಯೋದು. ಫಲಿತಾಂಶ ಬಂದಿತ್ತು. ‘ಇಷ್ಟು ವರ್ಷದಿಂದ ಕೂತಿದ್ದ ಪಿತ್ತಕೋಶದ ಕಲ್ಲು ಕಣೋ, ಒಂದೇ ರಾತ್ರಿಗೆ ಆಚೆ! ಆಪರೇಷನ್ನೂ ಇಲ್ಲ, ಏನೂ ಇಲ್ಲ.’ ಅವನಿಗೆ ಕಲ್ಲಿದೆ ಅಂತ ಯಾವ ಡಾಕ್ಟರೂ ಯಾವತ್ತೂ ಹೇಳಿರಲಿಲ್ಲ. ಹಾಗಂತ ನೆನಪಿಸಿದೆ. ‘ಅದೇ ನೋಡು, ಡಾಕ್ಟರಿಗೂ ಗೊತ್ತಾಗಿರಲಿಲ್ಲ’ ಅಂದ. ಈ ವಾದಕ್ಕೆ ಉತ್ತರ ಎಲ್ಲಿಂದ ತರೋದು?

ಪಿತ್ತರಸ ಲಿವರ್‌ನಿಂದ ಕರುಳಿಗೆ ಇಳಿಯುವ ನಾಳ ಸಾಮಾನ್ಯವಾಗಿ 6 ಮಿಲಿಮೀಟರ್ ಆಸುಪಾಸು ಅಗಲ. ಅದರಲ್ಲಿ ಒಂದು ಪುಟಾಣಿ ಕಲ್ಲು ಸಿಕ್ಕಿಕೊಂಡರೆ ಸಾಕು, ಗಟ್ಟಿ ಆಳೂ ನೆಲದ ಮೇಲೆ ಬಿದ್ದು ಹೊರಳಾಡುತ್ತಾನೆ. ನಮ್ಮವನು ಅಂಥ ನಾಳದಲ್ಲಿ ಹದಿನೈದು ಗೋಲಿ ಇಳಿಸಿ, ಗೊರಕೆ ಹೊಡೆದು ನಿದ್ದೆ ಮಾಡಿ ಎದ್ದಿದ್ದ.

ಈ ಗೋಲಿಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಇಂಥದ್ದೇ ಎಣ್ಣೆ-ನಿಂಬೆ ಸೇವೆ ಮಾಡಿದ ಮಹಿಳೆಯೊಬ್ಬರ ಹಸಿರು ಕಲ್ಲುಗಳ ವಿಚಾರ 2005ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಕಲ್ಲಿನಲ್ಲಿ ಕೊಲೆಸ್ಟರಾಲ್ ಇಲ್ಲ, ಬಿಲಿರುಬಿನ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಅಂದರೆ ಪಿತ್ತಕೋಶದ ಕಲ್ಲಿನಲ್ಲಿ ಇರಬೇಕಾದ ಒಂದು ವಸ್ತುವೂ ಇಲ್ಲ. ಮುಕ್ಕಾಲು ಪಾಲು ಬರೀ ಕೊಬ್ಬಿನ ಆಮ್ಲ. 40 ಡಿಗ್ರಿ ಬಿಸಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಕರಗಿ ಹಸಿರು ಎಣ್ಣೆ. ಆಗಿದ್ದಿಷ್ಟೇ: ಕುಡಿದ ಎಣ್ಣೆಯನ್ನು ಜೀರ್ಣರಸ ಒಡೆದಿದೆ, ನಿಂಬೆರಸದ ಪೊಟ್ಯಾಸಿಯಂ ಅದಕ್ಕೆ ಸೇರಿಕೊಂಡಿದೆ, ಗಟ್ಟಿಯಾಗಿದೆ. ಎಣ್ಣೆಯ ಆಮ್ಲಕ್ಕೆ ಪೊಟ್ಯಾಸಿಯಂ ಸೇರಿದರೆ ಆಗೋದಕ್ಕೆ ನಮ್ಮೆಲ್ಲರ ಬಚ್ಚಲಲ್ಲೂ ಒಂದು ಹೆಸರಿದೆ. ಸೋಪು. ನನ್ನ ಗೆಳೆಯ ದುಡ್ಡು ಕೊಟ್ಟು, ಉಪವಾಸ ಬಿದ್ದು, ರಾತ್ರಿಯಿಡೀ ಹೊಟ್ಟೆಯೊಳಗೆ ಸೋಪು ತಯಾರಿಸಿ, ಬೆಳಗ್ಗೆ ಅದಕ್ಕೇ ಫೋಟೋ ಹೊಡೆದಿದ್ದ.

ನನಗೆ ಅವನ ಮೇಲೆ ನಗು ಬಂತು, ಅವನ ಹೊಟ್ಟೆಯ ಮೇಲೆ ಮಾತ್ರ ಗೌರವ ಜಾಸ್ತಿಯಾಯಿತು. ಯಾಕೆಂದರೆ ಕಿಟ್ ಮೇಲೆ ‘ಲಿವರ್ ಕ್ಲೆನ್ಸ್’ ಅಂತ ದಪ್ಪಕ್ಷರದಲ್ಲಿ ಬರೆದಿತ್ತಲ್ಲ, ಅದನ್ನು ಅವನು ಓದಿದ, ಅವನ ಹೆಂಡತಿ ಓದಿದರು, ತಂದುಕೊಟ್ಟ ಹುಡುಗನೂ ಓದಿರಬಹುದು. ಹೊಟ್ಟೆ ಓದಲಿಲ್ಲ. ಅದಕ್ಕೆ ಓದು ಬರಲ್ಲ. ಶುದ್ಧ ಹೆಬ್ಬೆಟ್ಟು. ಎಣ್ಣೆ ಬಂದರೆ ಎಣ್ಣೆ ಅಂತಲೇ ಒಡೆಯುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಜಾಹೀರಾತು ತೋರಿಸಿ ಮೋಸ ಮಾಡೋಕಾಗಲ್ಲ ನೋಡಿ, ಹಾಗೆ. ಇವತ್ತು ಆರೋಗ್ಯದ ಹೆಸರಲ್ಲಿ ನಡೆಯುವ ವ್ಯಾಪಾರದಲ್ಲಿ ಅರ್ಧಕ್ಕರ್ಧ ಈ ಹೆಬ್ಬೆಟ್ಟು ಹೊಟ್ಟೆಯ ಮುಂದೆ ಲೇಬಲ್ ಓದುವ ಕೆಲಸ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅನ್ನೋಣ ಅಂದರೆ, ಕಿನ್ನರಿಗೆ ಕೋಣ ಇಷ್ಟು ದುಡ್ಡು ಕೊಡಲ್ಲ.

ಕೊಲಾಜೆನ್ ಪುಡಿಯನ್ನೇ ತಗೊಳ್ಳಿ. ಡಬ್ಬಿಯ ಮೇಲೆ ಹೊಳೆಯುವ ಕೆನ್ನೆಯ ಚಿತ್ರ. ಚರ್ಮದಲ್ಲಿ ಕೊಲಾಜೆನ್ ಅನ್ನೋ ಪ್ರೋಟೀನ್ ಇದೆ, ಡಬ್ಬಿಯಲ್ಲೂ ಕೊಲಾಜೆನ್ ಇದೆ, ಇದನ್ನು ಕುಡಿದರೆ ಸೀದಾ ಅಲ್ಲಿಗೆ ಹೋಗಿ ಸುಕ್ಕಿನಲ್ಲಿ ಕೂರುತ್ತದೆ ಅನ್ನೋ ಲೆಕ್ಕ. ಈಗ ಪುಡಿಯ ಹಿಂದೆ ನಾವೂ ಒಳಗೆ ಹೋಗೋಣ. ಜಠರದಲ್ಲಿ ಆಸಿಡ್ಡಿನ ಮಡು. ಹಸಿದ ಹೊಟ್ಟೆಯಲ್ಲಿ ಅದರ ಪಿಎಚ್ 1.5ರಿಂದ 2ರ ಆಸುಪಾಸು (ಪಿಎಚ್ 7ಕ್ಕಿಂತ ಇಳಿದಷ್ಟೂ ಆಸಿಡ್, ಏರಿದಷ್ಟೂ ಆಲ್ಕಲೈನ್, ಅಂದರೆ ಕ್ಷಾರ). ತನ್ನದೇ ಗೋಡೆ ಸುಟ್ಟುಹೋಗಬಾರದು ಅಂತ ಜಠರ ಲೋಳೆ ಬಳಿದುಕೊಂಡು ಕೂತಿರುತ್ತದೆ, ಆದರೂ ಒಳಪದರದ ಜೀವಕೋಶಗಳನ್ನು ಕೆಲವೇ ದಿನಕ್ಕೊಮ್ಮೆ ಬದಲಾಯಿಸುತ್ತಲೇ ಇರಬೇಕು. ಅಲ್ಲಿ ಪ್ರೋಟೀನಿನ ಮಡಿಕೆಗಳೆಲ್ಲ ಬಿಚ್ಚಿಕೊಳ್ಳುತ್ತವೆ, ಪೆಪ್ಸಿನ್ ಅನ್ನೋ ಕತ್ತರಿ ಅದನ್ನು ತುಂಡು ಮಾಡುತ್ತದೆ. ಮುಂದೆ ಸಣ್ಣ ಕರುಳಲ್ಲಿ ಮೇದೋಜೀರಕ ಗ್ರಂಥಿ ಕಳಿಸಿದ ಇನ್ನಷ್ಟು ಕತ್ತರಿಗಳು. ಕೊನೆಗೆ ಉಳಿಯೋದು ಸರ ಹರಿದು ಚೆಲ್ಲಿದ ಮಣಿಗಳು, ಅಂದರೆ ಅಮೈನೋ ಆಮ್ಲಗಳು. ಅಲ್ಲೊಂದು ಇಲ್ಲೊಂದು ಕಡೆ ಎರಡು ಮೂರು ಮಣಿ ಅಂಟಿಕೊಂಡಿರಬಹುದು. ರಕ್ತಕ್ಕೆ ಹೋಗೋದು ಈ ಮಣಿ. ಇದು ಡಬ್ಬಿಯಿಂದ ಬಂತೋ, ಮೊಟ್ಟೆಯಿಂದ ಬಂತೋ, ಕಾಳಿನಿಂದ ಬಂತೋ ಅಂತ ಅದರ ಮೇಲೆ ಬರೆದಿರಲ್ಲ. ಅದರಿಂದ ದೇಹ ಉಗುರು ಮಾಡುತ್ತೋ, ಇನ್ಸುಲಿನ್ ಮಾಡುತ್ತೋ, ಸುಮ್ನೆ ಉರಿಸಿ ಶಕ್ತಿ ಮಾಡುತ್ತೋ, ಅದು ಅದರ ಇಷ್ಟ. ತಿಂದದ್ದು ತಿಂದ ಹಾಗೇ ತನ್ನ ಜಾಗಕ್ಕೆ ಹೋಗಿ ಕೂರುವಂತಿದ್ದರೆ ಮೇಕೆಯ ತಲೆ ತಿಂದವರಿಗೆಲ್ಲ ಕೊಂಬು ಬರಬೇಕಿತ್ತು, ಅಲ್ವಾ?

ಆಲ್ಕಲೈನ್ ನೀರಿನದು ಇನ್ನೂ ಮಜಾ. ದುಬಾರಿ ಬಾಟಲಿ, ಪಿಎಚ್ 9 ಅಂತ ಹೆಮ್ಮೆಯ ಮುದ್ರೆ. ಆ ನೀರು ಇಳಿದು ಬೀಳುವುದು ಇದೇ ಆಸಿಡ್ ಮಡುವಿಗೆ. ಗುಟುಕು ಇಳಿದಷ್ಟೇ ಬೇಗ ಹೆಮ್ಮೆಯೂ ಇಳಿಯುತ್ತದೆ. ಅಕಸ್ಮಾತ್ ಪಾರಾದರೂ ರಕ್ತದ ಪಿಎಚ್ಚನ್ನು ಶ್ವಾಸಕೋಶ, ಕಿಡ್ನಿ ಎರಡೂ ಸೇರಿ 7.35ರಿಂದ 7.45ರೊಳಗೆ ಹಿಡಿದಿಟ್ಟಿರುತ್ತವೆ. ಆ ಗೆರೆ ನಿಜವಾಗಲೂ ದಾಟಿತು ಅನ್ನಿ, ಬಾಟಲಿ ಹಿಡಿದು ನಗುವ ಫೋಟೋ ಅಲ್ಲ, ಐಸಿಯುನಲ್ಲಿ ಮಲಗಿರೋ ಫೋಟೋ ಬರುತ್ತದೆ. ಇನ್ನೊಂದು ವಿಷಯ, ಜಠರ ದಾಟಿದ ಆಸಿಡ್ಡನ್ನು ತಣ್ಣಗೆ ಮಾಡೋಕೆ ಮೇದೋಜೀರಕ ಗ್ರಂಥಿ ದಿನಾ ಬೈಕಾರ್ಬೊನೇಟ್ ಅನ್ನೋ ಕ್ಷಾರ ಬೆರೆತ ರಸವನ್ನು ಒಂದೆರಡು ಲೀಟರಿನಷ್ಟು ಸುರಿಸುತ್ತದೆ. ಆಲ್ಕಲೈನ್ ಕಾರ್ಖಾನೆ ಮನೆಯಲ್ಲೇ ಇದೆ, ಬಿಟ್ಟಿ. ಅದಕ್ಕೆ ಬ್ರ್ಯಾಂಡ್ ಇಲ್ಲ ಅನ್ನೋದೊಂದೇ ಕೊರತೆ.

ಒಳಗೆ ಏನು ನಡೆಯುತ್ತೆ ಅಂತ ಯಾರಿಗೂ ಕಾಣಲ್ಲ, ಅದಕ್ಕೇ ಏನು ಬೇಕಾದರೂ ಮಾರಬಹುದು. ಆದರೆ ಒಬ್ಬನಿಗೆ ಕಂಡಿತ್ತು. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನೋ ತುಪ್ಪಳ ವ್ಯಾಪಾರದ ಕೂಲಿಯಾಳಿಗೆ ಹತ್ತಿರದಿಂದ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಚಿಕಿತ್ಸೆ ಮಾಡಿದ. ಆಳು ಉಳಿದ, ಆದರೆ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಹೊರಗಿನಿಂದ ಜಠರಕ್ಕೆ ಸೀದಾ ಒಂದು ಕಿಟಕಿ! ಬೋಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ತುಂಡು, ಬ್ರೆಡ್ಡಿನ ತುಂಡು, ಕೋಸಿನ ತುಂಡು ಕಟ್ಟಿ ಒಳಗೆ ಇಳಿಬಿಡೋದು, ಗಂಟೆ ಬಿಟ್ಟು ಎಳೆದು ನೋಡೋದು, ಮತ್ತೆ ಬಿಡೋದು. ಬಾವಿಯಿಂದ ಕೊಡ ಸೇದಿದ ಹಾಗೆ. ಜಠರದ ರಸವನ್ನು ಸೀಸೆಗೆ ತುಂಬಿ ಮೈಶಾಖದಷ್ಟು ಬೆಚ್ಚಗಿಟ್ಟರೆ ಅಲ್ಲೂ ಮಾಂಸ ಕರಗಿತು. ಜೀರ್ಣ ಅನ್ನೋದು ರಾಸಾಯನಿಕ ಕೆಲಸ ಅಂತ 1833ರಲ್ಲಿ ಪುಸ್ತಕವನ್ನೇ ಬರೆದ. ಕಿಟಕಿಯ ಮಾಲೀಕನಿಗೆ ಇದೆಲ್ಲ ಸಾಕುಸಾಕಾಗಿ ಎದ್ದು ಹೋಗಿದ್ದೂ ಉಂಟು. ತಮಾಷೆ ಅಂದರೆ, ತೂತು ಹೊಟ್ಟೆಯ ಸೇಂಟ್ ಮಾರ್ಟಿನ್ 1880ರವರೆಗೆ ಬದುಕಿದ, ಮದುವೆಯಾದ, ಮಕ್ಕಳನ್ನು ಪಡೆದ. ವೈದ್ಯ 1853ರಲ್ಲೇ ಹೋಗಿದ್ದ. ಇವತ್ತಾಗಿದ್ದರೆ ಆ ಕಿಟಕಿಯ ಪಕ್ಕದಲ್ಲೇ ಯಾರಾದರೂ ಜಾಹೀರಾತು ಫಲಕ ನೇತು ಹಾಕುತ್ತಿದ್ದರು.

ಇನ್ನು ‘ಟಾಕ್ಸಿನ್’. ದೇಹದಲ್ಲಿ ಟಾಕ್ಸಿನ್, ಅಂದರೆ ವಿಷ ತುಂಬಿದೆ, ತೆಗೆಯಬೇಕು; ಆ ತೆಗೆಯೋದಕ್ಕೆ ‘ಡಿಟಾಕ್ಸ್’ ಅಂತ ಹೆಸರು. ಯಾವ ಟಾಕ್ಸಿನ್ ಸ್ವಾಮಿ, ಅದಕ್ಕೊಂದು ಹೆಸರಿದೆಯಾ? 2009ರಲ್ಲಿ ಬ್ರಿಟನ್ನಿನಲ್ಲಿ ‘ಸೆನ್ಸ್ ಅಬೌಟ್ ಸೈನ್ಸ್’ ಸಂಸ್ಥೆಯ ಜೊತೆಗಿದ್ದ ಯುವ ವಿಜ್ಞಾನಿಗಳು 15 ಡಿಟಾಕ್ಸ್ ಉತ್ಪನ್ನಗಳನ್ನು ಹಿಡಿದುಕೊಂಡು ಮಾರುವವರನ್ನೇ ಕೇಳಿದರು. ಡಿಟಾಕ್ಸ್ ಅಂದರೆ ಏನು ಅನ್ನೋದಕ್ಕೆ ಯಾವ ಎರಡು ಕಂಪನಿಗಳ ಉತ್ತರವೂ ಒಂದೇ ಆಗಿರಲಿಲ್ಲ. ಕಳ್ಳನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಕದ್ದಿದ್ದೇನು ಅಂತಲೂ ಗೊತ್ತಿಲ್ಲ, ಆದರೂ ದಿನಾ ಕಳ್ಳನನ್ನು ಹಿಡಿದೆವು ಅಂತ ಬಿಲ್ ಬರುತ್ತೆ.

ಹೆಸರಿರುವ ವಿಷಗಳೂ ಇವೆ. ಪ್ರೋಟೀನ್ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಸುಮಾರು ಒಂದೂವರೆ ಕೆಜಿ ತೂಗುವ ಲಿವರ್ ಅದನ್ನು ಯೂರಿಯಾ ಮಾಡಿ ಕಿಡ್ನಿಗೆ ದಾಟಿಸುತ್ತದೆ. ಎರಡು ಕಿಡ್ನಿ ಸೇರಿ ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸಿ, ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ವಾಪಸ್ ಕೊಟ್ಟು, ಒಂದೆರಡು ಲೀಟರ್ ಮಾತ್ರ ಆಚೆ ಬಿಡುತ್ತವೆ. ಭಾನುವಾರ ರಜೆ ಇಲ್ಲ. ಈ ಮೂವರಿಗೆ ಸಹಾಯ ಮಾಡ್ತೀನಿ ಅಂತ ಬಂದವರ ಕಥೆ ಕೇಳಿ: ಗ್ರೀನ್ ಟೀ ಸಾರದ ಮಾತ್ರೆ ಜಾಸ್ತಿ ನುಂಗಿ ಲಿವರ್ ಕೆಟ್ಟ ಪ್ರಕರಣಗಳಿವೆ. ಶುದ್ಧಿಗೆ ಅಂತ ಹಸಿರು ರಸ ಕುಡಿದೂ ಕುಡಿದೂ ಸೊಪ್ಪಿನಲ್ಲಿರುವ ಆಕ್ಸಲೇಟ್ ಹರಳಾಗಿ ತುಂಬಿ ಕಿಡ್ನಿ ನಿಂತುಹೋದ ಪ್ರಕರಣಗಳಿವೆ. ಕಸ ಗುಡಿಸೋಕೆ ಬಂದವರು ಪೊರಕೆಯಲ್ಲಿ ಮನೆಯವರನ್ನೇ ಹೊಡೆದ ಹಾಗೆ.

‘ಆದರೂ ಮೂರು ದಿನ ಬರೀ ಜ್ಯೂಸ್ ಕುಡಿದು ಎರಡು ಕೆಜಿ ಇಳಿದೆ’ ಅನ್ನುವವರಿದ್ದಾರೆ. ಇಳಿದಿರೋದು ನಿಜ. ಲಿವರ್, ಸ್ನಾಯು ಸೇರಿ ಅರ್ಧ ಕೆಜಿಯಷ್ಟು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತವೆ, ಅದರ ಒಂದೊಂದು ಗ್ರಾಂಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ನಿಂತರೆ ಕೂಡಿಟ್ಟಿದ್ದು ಖರ್ಚಾಗುತ್ತದೆ, ನೀರೂ ಹೊರಡುತ್ತದೆ. ನಾಲ್ಕನೇ ದಿನ ಹೊಟ್ಟೆ ತುಂಬ ಉಂಡರೆ ಎಲ್ಲ ವಾಪಸ್. ಮೂರು ದಿನದ ದೊಡ್ಡ ಸಾಧನೆ ಅಂದರೆ ಟ್ಯಾಂಕ್ ಖಾಲಿ ಮಾಡಿದ್ದು.

ದೊಡ್ಡ ಕರುಳನ್ನು ತೊಳೆಸಿಕೊಳ್ಳುವ ಹುಚ್ಚಿಗಂತೂ ನೂರು ವರ್ಷದ ಇತಿಹಾಸ ಇದೆ. ಕರುಳಲ್ಲಿ ನಿಂತ ಮಲದಿಂದ ವಿಷ ಏರಿ ಸಕಲ ರೋಗವೂ ಬರುತ್ತದೆ ಅಂತ ನಂಬಿ, ಲಂಡನ್ನಿನ ಹೆಸರಾಂತ ಸರ್ಜನ್ ವಿಲಿಯಂ ಆರ್ಬತ್‌ನಾಟ್ ಲೇನ್, ಮಲಬದ್ಧತೆ ಅಂತ ಬಂದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ನೆಗಡಿಯಾಯಿತು ಅಂತ ಮೂಗು ಕೊಯ್ದ ಗಾದೆ ಇಲ್ಲಿ ಗಾದೆಯಾಗಿ ಉಳಿದಿರಲಿಲ್ಲ. 1919ರಲ್ಲಿ ವಾಲ್ಟರ್ ಆಲ್ವರೆಜ್ ಅನ್ನೋ ಅಮೆರಿಕನ್ ವೈದ್ಯ ಒಂದು ಸಾದಾ ಮಾತು ಎತ್ತಿದರು: ಶೌಚಕ್ಕೆ ಹೋದ ತಕ್ಷಣ ತಲೆನೋವು, ಮಂಕು ಎಲ್ಲ ಹೋಗುತ್ತದಲ್ಲ, ರಕ್ತದಲ್ಲಿ ವಿಷ ಇದ್ದಿದ್ದರೆ ಅಷ್ಟು ಬೇಗ ಹೇಗೆ ಹೋಗುತ್ತೆ? 1922ರಲ್ಲಿ ಡೊನಾಲ್ಡ್‌ಸನ್ ಅನ್ನುವವರು ಇನ್ನೂ ಮುಂದೆ ಹೋಗಿ ಜನರ ಗುದದೊಳಗೆ ಶುದ್ಧವಾದ ಹತ್ತಿ ತುರುಕಿ ನೋಡಿದರು. ಅದೇ ತಲೆನೋವು, ಅದೇ ಮಂಕು. ಹತ್ತಿ ತೆಗೆದರೆ ಸರಿ. ಹತ್ತಿಯಲ್ಲಿ ಯಾವ ಟಾಕ್ಸಿನ್ ಇತ್ತು? (ಆ ಪ್ರಯೋಗಕ್ಕೆ ಒಪ್ಪಿಕೊಂಡವರಿಗೆ ಒಂದು ನಮಸ್ಕಾರ ಇರಲಿ.) ಈಗ ನಮಗೆ ಗೊತ್ತು, ಮೈಯಲ್ಲಿ ವಾಸ ಮಾಡುವ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವರ ಮನೆ ಈ ದೊಡ್ಡ ಕರುಳೇ. ನಮಗೆ ಅರಗದ ನಾರನ್ನು ಅವು ಅರಗಿಸಿ, ಕರುಳಿನ ಜೀವಕೋಶಗಳಿಗೇ ಊಟ ಬಡಿಸುತ್ತವೆ. ಅವರ ಮನೆಗೆ ಪೈಪು ಹಾಕಿ ನೀರು ನುಗ್ಗಿಸೋದಕ್ಕೆ ‘ಆರೋಗ್ಯ ಸೇವೆ’ ಅಂತ ಹೆಸರು.

ನಾನೇನೂ ಸಾಚಾ ಅಲ್ಲ. ಒಂದು ಸಲ ಮಲ್ಟಿವಿಟಮಿನ್ ಡಬ್ಬಿ ತಂದಿದ್ದೆ, ದಿನದ ಅಗತ್ಯದ ಹತ್ತು ಪಟ್ಟು ಇದೆ ಅಂತ ಅದರ ಮೇಲೆ ಬರೆದಿತ್ತು. ಅದನ್ನು ಓದಿಯೇ ಅರ್ಧ ಶಕ್ತಿ ಬಂದಿತ್ತು. ಮಾರನೇ ದಿನ ಮೂತ್ರ ಹೈಲೈಟರ್ ಪೆನ್ನಿನಂಥ ಹಳದಿ. ಗಾಬರಿಯಾಗಿ ಓದಿ ನೋಡಿದೆ: ರೈಬೊಫ್ಲೇವಿನ್, ಬಿ2. ನೀರಲ್ಲಿ ಕರಗುವ ವಿಟಮಿನ್ ಜಾಸ್ತಿಯಾದರೆ ಕಿಡ್ನಿ ಆಚೆ ಹಾಕುತ್ತದೆ. ಒಂದು ತಿಂಗಳು ಬಚ್ಚಲಿಗೆ ಪೌಷ್ಟಿಕ ಆಹಾರ ಕೊಟ್ಟೆ. ಎ, ಡಿ ಥರದವು ಹಾಗಲ್ಲ, ಅವು ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಉಳಿದುಕೊಳ್ಳುತ್ತವೆ, ಅತಿಯಾದರೆ ಸೀದಾ ವಿಷ. ಟಾಕ್ಸಿನ್ ಹುಡುಕುವವರು ಬೇಕಾದರೆ ಅಲ್ಲಿ ಹುಡುಕಬಹುದು.

ಗೆಳೆಯನಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಒಂದು ಕೆಲಸ ಮಾಡು, ಒಂದು ಕಲ್ಲನ್ನು ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ನೋಡು’ ಅಂದೆ ಅಷ್ಟೇ. ಅರ್ಧ ಗಂಟೆಯಾದ ಮೇಲೆ ಫೋನ್ ಬಂತು. ದನಿ ಸಣ್ಣಗಾಗಿತ್ತು.

‘ಕರಗಿಹೋಯ್ತು ಕಣೋ. ಮೇಲೆ ಎಣ್ಣೆ ತೇಲ್ತಿದೆ.’

‘ನೋಡಿದೆಯಾ?’

‘ನೋಡಿದೆ. ಕಿಟ್ ಕೊಟ್ಟವರಿಗೂ ಫೋನ್ ಮಾಡಿ ಹೇಳಿದೆ. ಕಲ್ಲು ಇಷ್ಟು ಮೆತ್ತಗಾಗಿದೆ ಅಂದರೆ ಔಷಧಿ ತುಂಬಾ ಚೆನ್ನಾಗಿ ಕೆಲಸ ಮಾಡಿದೆ ಅಂತೆ. ಎರಡನೇ ಕೋರ್ಸ್ ತಗೊಳ್ಳಲೇಬೇಕಂತೆ. ಎರಡು ಕಿಟ್ ತಗೊಂಡ್ರೆ ಒಂದು ಫ್ರೀ. ನಿನ್ನ ಹೆಸರೂ ಬರೆಸಿದ್ದೀನಿ.’