ಓಲೆಗರಿಗೆ ಲ್ಯಾಮಿನೇಷನ್ ಮಾಡಿಸಬೇಡಿ: ಒಂದು ಸ್ಪಷ್ಟನೆ

"ಮನೆಯ ಹಳೆ ಓಲೆಗರಿ, ಪತ್ರಗಳನ್ನು ಲ್ಯಾಮಿನೇಷನ್ ಮಾಡಿಸಿ, ನೂರು ವರ್ಷ ಬಾಳುತ್ತವೆ" ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಅಂಗಡಿಯ ಯಂತ್ರ 100 ಡಿಗ್ರಿಗೂ ಜಾಸ್ತಿ ಬಿಸಿಯಲ್ಲಿ ಅಂಟು ಕರಗಿಸಿ ಒತ್ತುತ್ತದೆ. ಆ ಅಂಟನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ಕಾಗದದೊಳಗಿನ ಆಮ್ಲವಂತೂ ಒಳಗೇ ಉಳಿದು ಕಾಗದವನ್ನು ಕೆಡಿಸುತ್ತಲೇ ಇರುತ್ತದೆ. ಸಂರಕ್ಷಣಾ ವಿಜ್ಞಾನದಲ್ಲಿ ಮೊದಲ ಪ್ರಶ್ನೆಯೇ ಇದು: ಇವತ್ತು ಮಾಡಿದ್ದನ್ನು ನಾಳೆ ತೆಗೆಯಲು ಆಗುತ್ತದೆಯೇ?

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ದಾಖಲೆ ಸಂರಕ್ಷಕ ವಿಲಿಯಂ ಬ್ಯಾರೋ 1930ರ ದಶಕದಿಂದ ದಾಖಲೆಗಳಿಗೆ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ ಹಾಳೆ ಹಚ್ಚುತ್ತಿದ್ದರು. ನಮ್ಮ ದೇಶದ ದಾಖಲೆ ಸಂಗ್ರಹಗಳಲ್ಲೂ ಆ ಹಾಳೆ ಬಳಕೆಯಲ್ಲಿತ್ತು. ಕೆಲವು ದಶಕ ಕಳೆದ ಮೇಲೆ ಆ ಹಾಳೆಯೇ ಕೆಡತೊಡಗಿತು, ವಿನೆಗರ್ ವಾಸನೆ ಸಮೇತ! ಈಗ ತಜ್ಞರು ಅದನ್ನು ಬಿಡಿಸುವ ಪಾಡು ಪಡುತ್ತಿದ್ದಾರೆ.

ಓಲೆಗರಿಯ ಧೂಳನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಕಂಠ ಎಂಬ ಚೂಪು ಲೋಹದ ಲೇಖನಿಯಿಂದ ಕೊರೆದ ಗರಿಗೆ ಮಜ್ಜಿಗೆಹುಲ್ಲಿನ ಎಣ್ಣೆ ತೆಳುವಾಗಿ ಸವರುವುದು ಹಳೆಯ ರೂಢಿ. ಮಸಿಯಲ್ಲಿ ಬರೆದದ್ದಕ್ಕೆ ಮಾತ್ರ ಹಚ್ಚಬೇಡಿ, ಅಕ್ಷರ ಅಳಿಸಬಹುದು. ಆಮೇಲೆ ಎರಡು ಮರದ ಹಲಗೆಗಳ ನಡುವೆ ಇಟ್ಟು, ಹತ್ತಿ ಬಟ್ಟೆ ಸುತ್ತಿ, ತೇವ ಇಲ್ಲದ ಕಡೆ ಇಡಿ. ಈಗಾಗಲೇ ಲ್ಯಾಮಿನೇಷನ್ ಮಾಡಿಸಿದ್ದರೆ ನೀವೇ ಕಿತ್ತುಹಾಕಲು ಹೋಗಬೇಡಿ, ತಜ್ಞರಿಗೆ ತೋರಿಸಿ.