ಪರಂಗಿ ಹಣ್ಣಿನ ಜ್ವರ

ಬೇಸಿಗೆ ರಜೆಗೆ ಊರಿನ ಮನೆಗೆ ಹೋಗಿದ್ದಾಗ, ಎಂಟು ವರ್ಷದ ನನ್ನ ಮಗಳಿಗೂ ತಂಗಿಯ ಆರು ವರ್ಷದ ಮಗನಿಗೂ ಶಾಖ, ಬೆಳಕು, ಶಬ್ದ ಎಂಬ ಮೂರು ಶಕ್ತಿಗಳನ್ನು ಪ್ರಯೋಗ ಸಹಿತ ಕಲಿಸಿಬಿಡುತ್ತೇನೆಂದು ರಾತ್ರಿ ಊಟದ ಹೊತ್ತಿನಲ್ಲಿ, ಮನೆಮಂದಿಯ ಸಮಕ್ಷಮದಲ್ಲಿ, ನಾನು ಘೋಷಿಸಿಬಿಟ್ಟೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಅನಂತರ ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕಿದವನಿಗೆ ಇಂಥ ಉಮೇದು ಆಗಾಗ ಬರುತ್ತದೆ. ಮಜ್ಜಿಗೆ ಬಡಿಸುತ್ತಿದ್ದ ಅಮ್ಮ ಏನೂ ಹೇಳಲಿಲ್ಲ. ಅದನ್ನು ಸಮ್ಮತಿಯೆಂದು ತಿಳಿದದ್ದು ನನ್ನ ಮೊದಲ ತಪ್ಪು.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಪಾಟಿಯನ್ನು ಗೋಡೆಗೆ ಒರಗಿಸಿ, “ಶಕ್ತಿ ಎಂದರೇನು?” ಎಂದು ಕೇಳಿದೆ. ತಂಗಿಯ ಮಗ ಒಂದು ಕ್ಷಣವೂ ಯೋಚಿಸದೆ, “ಅಜ್ಜಿ ಬಸ್ಸಿನಲ್ಲಿ ದುಡ್ಡು ಕೊಡದೆ ಹೋಗುವುದು” ಎಂದ. 2023ರ ಜೂನ್ ತಿಂಗಳಿನಿಂದ ನಮ್ಮ ರಾಜ್ಯದ ಹೆಂಗಸರು ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿರುವ ಯೋಜನೆಯ ಹೆಸರೇ ‘ಶಕ್ತಿ’ ಆಗಿರುವಾಗ ಅವನ ಉತ್ತರವನ್ನು ತಪ್ಪೆಂದು ಹೇಳುವ ಧೈರ್ಯ ನನಗೆ ಬರಲಿಲ್ಲ. “ಕೆಲಸ ಮಾಡಿಸುವಂಥದ್ದು ಶಕ್ತಿ, ಅದು ಕಣ್ಣಿಗೆ ಕಾಣದಿದ್ದರೂ ಅದರಿಂದ ಆಗುವ ಕೆಲಸ ಕಾಣುತ್ತದೆ” ಎಂದು ವಿವರಿಸಿದೆ. “ಹಾಗಾದರೆ ಅಮ್ಮನೇ ಶಕ್ತಿ, ಅಪ್ಪನಿಂದ ಕೆಲಸ ಮಾಡಿಸುತ್ತಾಳೆ” ಎಂದು ಮಗಳು ಪಾಠವನ್ನು ಪೂರ್ಣಗೊಳಿಸಿದಳು.

ಶಾಖದ ಪ್ರಯೋಗಕ್ಕೆ ಒಂದು ಬೆಳ್ಳಿ ಚಮಚ, ಒಂದು ಸ್ಟೀಲ್ ಚಮಚ ಮತ್ತು ಒಂದು ಮರದ ಸೌಟಿನ ಹಿಡಿಗೆ ಬೆಣ್ಣೆ ಮೆತ್ತಿ, ಅದರ ಮೇಲೆ ಒಂದೊಂದು ಒಣದ್ರಾಕ್ಷಿ ಅಂಟಿಸಿ, ಮೂರನ್ನೂ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದೆ. ಲೋಹಗಳಲ್ಲೆಲ್ಲ ಬೆಳ್ಳಿಯೇ ಶಾಖವನ್ನು ಅತಿ ಚೆನ್ನಾಗಿ ಸಾಗಿಸುವುದರಿಂದ ಅದರ ಬೆಣ್ಣೆ ಮೊದಲು ಕರಗಿ ದ್ರಾಕ್ಷಿ ಜಾರಬೇಕಿತ್ತು, ಮರದ ಹಿಡಿಯ ಮೇಲಿನದು ಕದಲದೆ ಉಳಿಯಬೇಕಿತ್ತು. ಗಡಿಯಾರ ನೋಡಲೆಂದು ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಮೂರೂ ದ್ರಾಕ್ಷಿ ಬೆಣ್ಣೆಯ ಸಮೇತ ಮಾಯವಾಗಿದ್ದವು. ಮರದ ಸೌಟು ಅದ್ಭುತವಾದ ಶಾಖವಾಹಕವೆಂದು ಅಂದು ನಮ್ಮ ಮನೆಯಲ್ಲಿ ಸಿದ್ಧವಾಯಿತು.

ನಿಜವಾದ ತೊಡಕು ಶುರುವಾದದ್ದು ‘ಉಷ್ಣ’ ಎಂಬ ಪದದಿಂದ. ಪದಾರ್ಥವೊಂದು ಎಷ್ಟು ಬಿಸಿಯಾಗಿದೆಯೆಂದು ಥರ್ಮಾಮೀಟರ್ ತೋರಿಸುತ್ತದೆ ಎಂದು ನಾನು ಹೇಳಿ ಮುಗಿಸುವ ಮೊದಲೇ ಮಗಳು, “ಪರಂಗಿ ಹಣ್ಣು ಉಷ್ಣ ಅಂತ ಅಜ್ಜಿ ಹೇಳುತ್ತಾರಲ್ಲ, ಫ್ರಿಜ್ಜಿನಲ್ಲಿಟ್ಟರೂ ಉಷ್ಣವೇ?” ಎಂದು ಕೇಳಿದಳು. ಒಳಗಿನಿಂದ ಅಮ್ಮ, “ಎಲ್ಲಿಟ್ಟರೂ ಉಷ್ಣವೇ” ಎಂದು ತೀರ್ಪು ಕೊಟ್ಟರು. ಅಜ್ಜಿಯ ಉಷ್ಣ ಬೇರೆ, ಅಪ್ಪನ ಉಷ್ಣ ಬೇರೆ ಎಂದು ನಾನು ಸಮಜಾಯಿಷಿ ನೀಡುತ್ತಿದ್ದಂತೆ ತಂಗಿಯ ಮಗ, “ಹಾಗಾದರೆ ಮಜ್ಜಿಗೆಯನ್ನು ಕುದಿಸಿದರೂ ತಂಪೇನಾ ಮಾವ?” ಎಂದು ಕೇಳಿದ. ಮಜ್ಜಿಗೆಹುಳಿಯ ಈ ಸಮಸ್ಯೆಗೆ ನಾನು ಓದಿದ ಭೌತಶಾಸ್ತ್ರದಲ್ಲಿ ಉತ್ತರವಿಲ್ಲ, ಆಯುರ್ವೇದದಲ್ಲಿ ಇರಬಹುದು.

ಆ ಮಧ್ಯಾಹ್ನ ನಾನು ಕಣ್ಣು ಮುಚ್ಚಿದ್ದ ಅರ್ಧ ತಾಸಿನಲ್ಲಿ ಮಕ್ಕಳಿಬ್ಬರೂ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನು ಪರಂಗಿ ಹಣ್ಣಿನ ಹೊಟ್ಟೆಗೆ ಚುಚ್ಚಿ ಸ್ವತಂತ್ರ ಸಂಶೋಧನೆ ನಡೆಸಿದರು. ಅದು ‘ಲೋ’ ಎಂದು ತೋರಿಸಿತು. ಮೈಶಾಖವನ್ನು ಅಳೆಯಲೆಂದೇ ಮಾಡಿದ ಆ ಕಡ್ಡಿಗೆ ಸುಮಾರು 32ರಿಂದ 42 ಡಿಗ್ರಿ ಸೆಲ್ಸಿಯಸ್‌ವರೆಗಿನ ಲೋಕವಷ್ಟೇ ಗೊತ್ತು, ಅದರಾಚೆ ಅದು ಕೈಚೆಲ್ಲುತ್ತದೆ. ಆದರೆ ಮಕ್ಕಳ ದೃಷ್ಟಿಯಲ್ಲಿ ಪರಂಗಿ ತಂಪೆಂದು ಸಾಬೀತಾಗಿತ್ತು. ಅಮ್ಮ ಕನ್ನಡಕ ಸರಿಪಡಿಸಿಕೊಂಡು ಅದನ್ನು ನೋಡಿ, “ಈ ಕಡ್ಡಿಗೆ ಪಿತ್ತ ಅಂದರೆ ಗೊತ್ತಾ?” ಎಂದಷ್ಟೇ ಕೇಳಿದರು. ಪ್ರಯೋಗವನ್ನು ಮುಂದುವರಿಸಿ ಅದೇ ಕಡ್ಡಿಯನ್ನು ನನ್ನ ಸಂಜೆಯ ಕಾಫಿಗೆ ಅದ್ದಲಾಯಿತು; ‘ಹೆಚ್ಚು’ ಎಂಬ ಅರ್ಥದಲ್ಲಿ ಅದು ತೋರಿಸಿದ ಎರಡು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದ ತಂಗಿಯ ಮಗ, “ಮಾವ, ಕಾಫಿ ಹಾಯ್ ಅಂತಿದೆ!” ಎಂದು ಕುಣಿದಾಡಿದ. ಅದೇ ಅದರ ಕೊನೆಯ ಮಾತಾಯಿತು. ಕಾಫಿಯಲ್ಲಿ ಪರಂಗಿಯ ನಾರೊಂದು ತೇಲುತ್ತಿತ್ತು.

ಬೆಳಕಿನ ಪಾಠಕ್ಕೆ ಅಪ್ಪ ಪಂಚಾಂಗ ಓದಲು ಬಳಸುವ ಭೂತಗನ್ನಡಿಯನ್ನು ಎರವಲು ತಂದೆ. ಬಿಸಿಲನ್ನು ಒಂದು ಚುಕ್ಕೆಯಾಗಿ ಕೂಡಿಸಿದರೆ ಕಾಗದ ಹೊತ್ತಿಕೊಳ್ಳುತ್ತದೆ, ಬಿಳಿಯ ಜಾಗಕ್ಕಿಂತ ಬೆಳಕನ್ನು ಹೆಚ್ಚು ಹೀರುವ ಕಪ್ಪು ಅಕ್ಷರ ಬೇಗ ಸುಡುತ್ತದೆ ಎಂದು ಹಳೆಯ ಪತ್ರಿಕೆಯ ಮೇಲೆ ಯಶಸ್ವಿಯಾಗಿ ತೋರಿಸಿ, ಮೈ ಮರೆತು, ಫೋನಿಗೆ ಓಗೊಡಲು ಎದ್ದೆ. ಮರಳಿ ಬಂದಾಗ ಪಂಚಾಂಗದಲ್ಲಿ ಆ ವಾರದ ರಾಹುಕಾಲವಿದ್ದ ಜಾಗದಲ್ಲಿ ಕಡಲೆಕಾಳಿನಷ್ಟು ತೂತು ಬಿದ್ದು ಅಂಚು ಇನ್ನೂ ಹೊಗೆಯಾಡುತ್ತಿತ್ತು. ಅಲ್ಲೇ ಕಪ್ಪು ಅಕ್ಷರ ದಟ್ಟವಾಗಿತ್ತಂತೆ. ಸೂರ್ಯನಿಂದ ಹೊರಟ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆಂದು ನಾನೇ ಬೆಳಿಗ್ಗೆ ಕಲಿಸಿದ್ದರಿಂದ, ವಿಚಾರಣೆಯ ಸಮಯದಲ್ಲಿ ತಂಗಿಯ ಮಗ, “ನಾನು ಭೂತಗನ್ನಡಿ ಹಿಡಿಯುವುದಕ್ಕೆ ಮೊದಲೇ ಬಿಸಿಲು ಅಲ್ಲಿಂದ ಹೊರಟಾಗಿತ್ತಲ್ಲ, ನನ್ನ ತಪ್ಪೇನು?” ಎಂದು ವಾದಿಸಿದ. ಅಪ್ಪ ಆ ವಾರವಿಡೀ ರಾಹುವಿನ ಅಂಕೆಯಿಲ್ಲದೆ ಪೇಟೆಗೆ ಹೋಗಿಬಂದರು.

ಶಬ್ದದ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಎರಡು ಬೆಂಕಿಪೊಟ್ಟಣಗಳ ನಡುವೆ ದಾರ ಕಟ್ಟಿ, ಒಂದನ್ನು ಅಡುಗೆಮನೆಗೆ ಕಳುಹಿಸಿ, ಇನ್ನೊಂದನ್ನು ನಾನು ಜಗಲಿಯಲ್ಲಿ ಕಿವಿಗೆ ಹಿಡಿದೆ. ಬಿಗಿಯಾದ ದಾರದ ಕಂಪನ ಮಾತನ್ನು ಸ್ಪಷ್ಟವಾಗಿ ಸಾಗಿಸುತ್ತದೆಂಬುದು, “ನಿಮ್ಮಪ್ಪನಿಗೆ ಮಾಡಲು ಬೇರೆ ಕೆಲಸವಿಲ್ಲ” ಎಂಬ ನನ್ನ ಹೆಂಡತಿಯ ದನಿಯಲ್ಲೇ ಖಚಿತವಾಯಿತು.

ಮೂರನೆಯ ದಿನ ಸಂಜೆ ಮಳೆ ಕವಿಯಿತು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ಶಬ್ದವಾದರೋ ಗಾಳಿಯಲ್ಲಿ ಸುಮಾರು 340 ಮೀಟರ್ ಅಷ್ಟೇ ಸಾಗುತ್ತದೆ. ಆದ್ದರಿಂದ ಮಿಂಚಿದಾಗಿನಿಂದ ಗುಡುಗುವವರೆಗೆ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಮಿಂಚು ಎಷ್ಟು ಕಿಲೋಮೀಟರ್ ದೂರವೆಂದು ತಿಳಿಯುತ್ತದೆ ಎಂದು ಪಾಟಿಯಲ್ಲಿ ಬರೆದುಕೊಟ್ಟೆ. ಕರೆಂಟು ಹೋಗಿತ್ತು, ಗಡಿಯಾರ ಕಾಣುತ್ತಿರಲಿಲ್ಲ. ಆದರೆ ಬಾಗಿಲ ಬಳಿ ಕುಳಿತ ಅಮ್ಮ, ಪ್ರತಿ ಸಲ ಮಿಂಚಿದಾಗಲೂ ಸಿಡಿಲು ಬಡಿಯದಿರಲೆಂದು ಅರ್ಜುನನ ಹತ್ತು ಹೆಸರುಗಳನ್ನು ತಾಳ ತಪ್ಪದೆ ಹೇಳುತ್ತಿದ್ದರು: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು. ಹೆಸರಿಗೊಂದು ಸೆಕೆಂಡು! ಮಕ್ಕಳಿಗೆ ಗಡಿಯಾರ ಸಿಕ್ಕಿತು. “ಬೀಭತ್ಸುವಿಗೆ ಗುಡುಗಿತು, ಎರಡು ಕಿಲೋಮೀಟರ್!” ಎಂದು ಮಗಳು ಪಾಟಿಯಲ್ಲಿ ಬರೆದಳು. ಮುಂದಿನದು ಪಾರ್ಥನಿಗೆ ಬಂತು, ಒಂದು ಕಿಲೋಮೀಟರ್. ಇಷ್ಟು ಹತ್ತಿರವಾದರೆ ಜಗಲಿಯಲ್ಲಿ ನಿಲ್ಲಬಾರದೆಂಬುದನ್ನೂ ಈಗ ಹೇಳಿಕೊಡಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದಾಗ ಅಂಗಳವೆಲ್ಲ ಬೆಳ್ಳಗಾಯಿತು. ಅಮ್ಮ “ಅರ್…” ಎನ್ನುವಷ್ಟರಲ್ಲೇ ತೋಟದಂಚಿನ ತೆಂಗಿಗೆ ಸಿಡಿಲು ಬಡಿಯಿತು.

ಎಲ್ಲರಿಗಿಂತ ಮೊದಲು ಒಳಗೆ ಓಡಿದವನು ನಾನೇ ಎಂದು ಮಕ್ಕಳು ಈಗಲೂ ಹೇಳುತ್ತಾರೆ. ಕತ್ತಲೆಯಲ್ಲಿ ಅಮ್ಮನ ಸೆರಗನ್ನು ಹಿಡಿದುಕೊಂಡ ಕೈಗಳನ್ನು ತಂಗಿಯ ಮಗ ಎಣಿಸಿದನಂತೆ. ಅವುಗಳಲ್ಲಿ ಒಂದಕ್ಕೆ ಕೈಗಡಿಯಾರವಿತ್ತಂತೆ.